98.6 ದಾಟಿದರೆ ಜ್ವರವೇ? ಆ ಅಂಕಿ ಬಂದಿದ್ದು ಎಲ್ಲಿಂದ?

ಥರ್ಮಾಮೀಟರ್ 99.1 ತೋರಿಸುತ್ತಿದೆ. ಇದು ಜ್ವರವೋ ಅಲ್ಲವೋ? ಒಬ್ಬರು ಹೌದು ಅಂತಾರೆ. ಇನ್ನೊಬ್ಬರು ಸ್ವಲ್ಪ ಮೈ ಬೆಚ್ಚಗಿದೆ ಅಷ್ಟೇ ಅಂತಾರೆ. ವಾದ ಏನೇ ಇರಲಿ, ಇಬ್ಬರ ತಲೆಯಲ್ಲೂ ಇರುವುದು ಒಂದೇ ಅಂಕಿ, 98.6. ಹಳೆಯ ಪಾದರಸದ ಥರ್ಮಾಮೀಟರ್‌ಗಳಲ್ಲಿ ಆ ಜಾಗಕ್ಕೆ ಒಂದು ಬಾಣದ ಗುರುತೂ ಇರುತ್ತಿತ್ತು. ಅಲ್ಲಿವರೆಗೆ ಆರೋಗ್ಯ, ಅದನ್ನು ದಾಟಿದರೆ ಕಾಯಿಲೆ ಎಂಬಂತೆ.

ಈ ಅಂಕಿಗೆ ಸುಮಾರು ನೂರೈವತ್ತು ವರ್ಷ ವಯಸ್ಸು. ಅದು ಹುಟ್ಟಿದ್ದು ಒಂದು ಸರಾಸರಿಯಾಗಿ. ಗಡಿಗೆರೆ ಆಗಿದ್ದು ಆಮೇಲೆ. ಅದನ್ನು ಕೊಟ್ಟ ವೈದ್ಯ ಹಾಗೆ ಹೇಳಿಯೇ ಇರಲಿಲ್ಲ.

ಅದಕ್ಕೂ ಮೊದಲು ಸಾವಿರಾರು ವರ್ಷ ಜ್ವರ ನೋಡುತ್ತಿದ್ದುದು ಕೈಯಿಂದಲೇ. ಹಣೆ ಮುಟ್ಟಬೇಕು, ಎದೆ ಮುಟ್ಟಬೇಕು, ನಾಡಿ ಹಿಡಿಯಬೇಕು. ಮೈ ಸುಡುತ್ತಿದೆಯೋ ಇಲ್ಲವೋ ಅಂತ ಕೈಗೆ ಚೆನ್ನಾಗಿಯೇ ಗೊತ್ತಾಗುತ್ತದೆ. ಆದರೆ ನಿನ್ನೆಗಿಂತ ಇವತ್ತು ಎಷ್ಟು ಜಾಸ್ತಿ ಎಂದು ಕೇಳಿದರೆ ಕೈ ಹೇಳುವುದಿಲ್ಲ. ಮುಟ್ಟುವವರ ಕೈಯೇ ತಣ್ಣಗಿದ್ದರಂತೂ ಎಲ್ಲರಿಗೂ ಜ್ವರ.

ಹದಿನೇಳನೆಯ ಶತಮಾನದ ಶುರುವಿನಲ್ಲಿ ಇಟಲಿಯ ವೈದ್ಯ ಸ್ಯಾಂಟೋರಿಯೊ ಒಂದು ಉಪಾಯ ಮಾಡಿದ. ಉದ್ದನೆಯ ಗಾಜಿನ ಕೊಳವೆ, ಅದರ ತುದಿಗೆ ಗಾಜಿನ ಬುರುಡೆ. ರೋಗಿ ಬುರುಡೆಯನ್ನು ಬಾಯಲ್ಲಿ ಇಟ್ಟುಕೊಂಡರೆ ಒಳಗಿನ ಗಾಳಿ ಹಿಗ್ಗಿ ಕೊಳವೆಯ ನೀರನ್ನು ತಳ್ಳುತ್ತಿತ್ತು. ಮೈ ಬಿಸಿಯನ್ನು ಕಣ್ಣಿಂದ ನೋಡುವುದು ಸಾಧ್ಯವಾಯಿತು. ಆದರೆ ಹೊರಗಿನ ಗಾಳಿಯ ಒತ್ತಡ ಬದಲಾದರೂ ಆ ನೀರು ಅಲ್ಲಾಡುತ್ತಿತ್ತು. ಒಬ್ಬರ ಉಪಕರಣದ ಗುರುತು ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ.

ಇದನ್ನು ಸರಿಮಾಡಿದವನು ಡೇನಿಯಲ್ ಫ್ಯಾರನ್‌ಹೀಟ್. ವೈದ್ಯನಲ್ಲ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನೆಲೆಸಿ ಉಪಕರಣ ತಯಾರಿಸುತ್ತಿದ್ದವನು. 1714ರಲ್ಲಿ ಪಾದರಸದ ಥರ್ಮಾಮೀಟರ್ ಮಾಡಿದ. 1724ರಲ್ಲಿ ತನ್ನ ಅಳತೆಯ ಲೆಕ್ಕ ಬರೆದು ಪ್ರಕಟಿಸಿದ. ಮಂಜುಗಡ್ಡೆ, ನೀರು, ಒಂದು ಬಗೆಯ ಉಪ್ಪು ಬೆರೆಸಿದಾಗ ಸಿಗುವ ಕೊರೆತ ಅವನ ಸೊನ್ನೆ. ಬರೀ ನೀರು ಮತ್ತು ಮಂಜುಗಡ್ಡೆ ಸೇರಿದರೆ 32. ಆರೋಗ್ಯವಂತನ ಬಾಯಿ ಅಥವಾ ಕಂಕುಳಿನ ಬಿಸಿ 96.

ಹೌದು, 96. ಫ್ಯಾರನ್‌ಹೀಟ್ ಮಟ್ಟಿಗೆ ನಮ್ಮ ಮೈ ಬಿಸಿ ಅಳೆದು ಕಂಡುಹಿಡಿಯುವ ವಿಷಯವಾಗಿರಲಿಲ್ಲ. ಅದೇ ಅಳತೆಗೋಲಿನ ಒಂದು ಗೂಟ. 96 ಅನ್ನು ಎರಡರಿಂದ, ಮೂರರಿಂದ, ನಾಲ್ಕರಿಂದ ಭಾಗಿಸುವುದು ಸುಲಭ, ಕೊಳವೆಯ ಮೇಲೆ ಗುರುತು ಕೊರೆಯುವುದೂ ಸುಲಭ. ಅವನು 1736ರಲ್ಲಿ ತೀರಿಕೊಂಡ ಮೇಲೆ ಬೇರೆಯವರು ಈ ಅಳತೆಯನ್ನು ನೀರು ಕುದಿಯುವ ಬಿಂದುವಿಗೆ ಕಟ್ಟಿ ಅದನ್ನು 212 ಎಂದು ಗೊತ್ತುಮಾಡಿದರು. ಗೂಟ ಕಿತ್ತು ಬೇರೆ ಕಡೆ ನೆಟ್ಟಿದ್ದರಿಂದ ಮೈ ಬಿಸಿ 96ರಲ್ಲಿ ನಿಲ್ಲಲಿಲ್ಲ, 98ರ ಆಸುಪಾಸಿಗೆ ಸರಿಯಿತು. ಸೆಲ್ಸಿಯಸ್ ಕತೆಯೂ ಸುಮಾರು ಹೀಗೆಯೇ. 1742ರಲ್ಲಿ ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ ಕೊಟ್ಟ ಅಳತೆಯಲ್ಲಿ ನೀರು ಕುದಿಯುವುದು ಸೊನ್ನೆಗೆ, ಹೆಪ್ಪುಗಟ್ಟುವುದು ನೂರಕ್ಕೆ! ಅದನ್ನು ಬೋರಲು ಮಾಡಿದ್ದು ಆಮೇಲಿನವರು.

ಸರಿ, ಥರ್ಮಾಮೀಟರ್ ಬಂತು. ವೈದ್ಯರು ಬಳಸಿದರೇ? ವಿಯೆನ್ನಾದ ಆಂಟನ್ ಡಿ ಹೇನ್ ತರಹದ ಕೆಲವರು ಬಳಸಿದರು. ಉಳಿದವರು ಅದರ ತಂಟೆಗೇ ಹೋಗಲಿಲ್ಲ. ಅದಕ್ಕೆ ಅವರನ್ನು ದೂರುವುದೂ ಕಷ್ಟ. ಆ ಕಾಲದ ಥರ್ಮಾಮೀಟರ್ ಸುಮಾರು ಒಂದು ಅಡಿ ಉದ್ದ. ರೋಗಿಯ ಕಂಕುಳಲ್ಲಿ ಹದಿನೈದು, ಇಪ್ಪತ್ತು ನಿಮಿಷ ಹಿಡಿದು ಕೂರಬೇಕು. ಇನ್ನೊಂದು ಕಾರಣವೂ ಇತ್ತು. ಜ್ವರ ಅಂದರೆ ಅದೇ ಒಂದು ಕಾಯಿಲೆ ಎಂದು ಬಹುತೇಕರು ತಿಳಿದಿದ್ದರು. ಕಾಯಿಲೆ ಇದೆ ಎಂದು ಕೈಗೇ ಗೊತ್ತಾಗುವಾಗ ಅಂಕಿ ಯಾಕೆ?

ಈ ಯೋಚನೆಯನ್ನು ಬದಲಿಸಿದವನು ಜರ್ಮನಿಯ ಲೈಪ್ಜಿಗ್‌ನ ವೈದ್ಯ ಕಾರ್ಲ್ ವುಂಡರ್‌ಲಿಖ್. 1850ರ ದಶಕದಿಂದ ತನ್ನ ಆಸ್ಪತ್ರೆಯ ರೋಗಿಗಳೆಲ್ಲರ ಮೈ ಬಿಸಿಯನ್ನು ದಿನಕ್ಕೆ ಎರಡು ಸಲವಾದರೂ ಅಳೆಸಿದ. ಕಾಯಿಲೆ ಜೋರಾಗಿದ್ದರೆ ಇನ್ನೂ ಜಾಸ್ತಿ ಸಲ. ಹೀಗೆ ಸುಮಾರು 25,000 ರೋಗಿಗಳು, ಲಕ್ಷಗಟ್ಟಲೆ ಅಳತೆಗಳು. 1868ರಲ್ಲಿ ಅವನ ಪುಸ್ತಕ ಹೊರಬಂತು.

ನನ್ನ ಮಟ್ಟಿಗೆ ವುಂಡರ್‌ಲಿಖ್‌ನ ದೊಡ್ಡ ಕೆಲಸ ಆ ಸರಾಸರಿ ಅಲ್ಲವೇ ಅಲ್ಲ. ಅಳತೆಗಳನ್ನು ಕಾಗದದ ಮೇಲೆ ಗೆರೆಯಾಗಿ ಎಳೆದನಲ್ಲ, ಅದು. ಗೆರೆ ಎಳೆದಾಗ ಒಂದೊಂದು ಕಾಯಿಲೆಗೆ ಒಂದೊಂದು ಆಕಾರ ಇರುವುದು ಕಂಡಿತು. ಟೈಫಾಯಿಡ್‌ನಲ್ಲಿ ಜ್ವರ ದಿನದಿಂದ ದಿನಕ್ಕೆ ಮೆಟ್ಟಿಲು ಹತ್ತಿದಂತೆ ಏರುತ್ತದೆ. ಮಲೇರಿಯಾ ಬಂದವರಿಗೆ ಮಧ್ಯೆ ಒಂದು ಅಥವಾ ಎರಡು ದಿನ ಬಿಟ್ಟು ಮತ್ತೆ ಮತ್ತೆ ನಡುಕ ಬಂದು ಜ್ವರ ಏರುತ್ತದೆ. ಜ್ವರ ಅನ್ನುವುದೇ ಕಾಯಿಲೆಯಲ್ಲ, ಒಳಗಿರುವ ಬೇರೆ ಕಾಯಿಲೆಯ ಲಕ್ಷಣ ಎಂಬುದು ಗಟ್ಟಿಯಾಯಿತು. ಆಸ್ಪತ್ರೆಯಲ್ಲಿ ಮಂಚದ ತುದಿಗೆ ತೂಗುಹಾಕುವ ಜ್ವರದ ಚಾರ್ಟ್ ರೂಢಿಗೆ ಬಂದಿದ್ದು ಇಲ್ಲಿಂದಲೇ.

ಆದರೆ ಲೋಕ ನೆನಪಿಟ್ಟುಕೊಂಡಿದ್ದು 37 ಡಿಗ್ರಿ ಸೆಲ್ಸಿಯಸ್ ಎಂಬ ಒಂದು ಅಂಕಿಯನ್ನು. ಆರೋಗ್ಯವಂತರ ಕಂಕುಳಿನ ಸರಾಸರಿ ಬಿಸಿ ಎಂದು ಅವನು ಕೊಟ್ಟಿದ್ದು ಅದು. ಅದರ ಜೊತೆಗೇ ಅವನು ಇನ್ನೂ ಏನೇನು ಹೇಳಿದ್ದ ನೋಡಿ. ಆರೋಗ್ಯವಂತರಲ್ಲಿ ಬಿಸಿ 36.25ರಿಂದ 37.5ರವರೆಗೂ ಇರಬಹುದು. ಬೆಳಗಿನ ಜಾವ ಕಮ್ಮಿ, ಸಂಜೆ ಜಾಸ್ತಿ. ಗಂಡಸರಿಗಿಂತ ಹೆಂಗಸರಲ್ಲಿ ತುಸು ಹೆಚ್ಚು. ವಯಸ್ಸಾದವರಲ್ಲಿ ಕಡಿಮೆ. ಜ್ವರ ಇರಬಹುದು ಎಂದು ಅನುಮಾನಿಸಬೇಕಾದದ್ದು 38ರ ಹತ್ತಿರ. ಇಷ್ಟೆಲ್ಲ ಅದೇ ಪುಸ್ತಕದಲ್ಲಿದೆ. ಓದಿದವರು ಒಂದು ಅಂಕಿ ಎತ್ತಿಕೊಂಡು ಉಳಿದದ್ದನ್ನು ಅಲ್ಲೇ ಬಿಟ್ಟರು.

ಮುಂದಿನ ಎಡವಟ್ಟು ಲೆಕ್ಕದ್ದು. 37 ಅನ್ನುವುದು ಪೂರ್ಣಾಂಕ, ಅದನ್ನು ಕೇಳಿದರೆ 'ಹೆಚ್ಚುಕಮ್ಮಿ ಅಷ್ಟು' ಎಂದು ಅನಿಸುತ್ತದೆ. ಇಂಗ್ಲಿಷ್ ಓದುಗರಿಗಾಗಿ ಅದನ್ನು ಫ್ಯಾರನ್‌ಹೀಟ್‌ಗೆ ಬದಲಿಸಿದರೆ ಬರುವುದು 98.6. ಬಿಂದು ಆದಮೇಲೆ ಒಂದು ಅಂಕಿ ಬಂದು ಕೂತಿದ್ದೇ ತಡ, ಬಹಳ ಸೂಕ್ಷ್ಮವಾಗಿ ಅಳೆದ ಹಾಗೆ ಕಾಣತೊಡಗಿತು. ಅದೇ 36.9 ಇದ್ದಿದ್ದರೆ 98.4 ಆಗುತ್ತಿತ್ತು. 37.1 ಇದ್ದಿದ್ದರೆ 98.8. ಅಂದರೆ ಆ ಆರಕ್ಕೆ ಹೇಳಿಕೊಳ್ಳುವಂಥ ಅರ್ಥವೇ ಇಲ್ಲ. ಆದರೂ ಪಠ್ಯಪುಸ್ತಕಗಳು ಅದನ್ನು ಶತಮಾನ ಕಾಲ ಹೊತ್ತು ತಂದವು.

ಇದೇ ಹೊತ್ತಿಗೆ ಇಂಗ್ಲೆಂಡಿನ ವೈದ್ಯ ಥಾಮಸ್ ಕ್ಲಿಫರ್ಡ್ ಆಲ್ಬಟ್ ಥರ್ಮಾಮೀಟರನ್ನು ಆರು ಇಂಚಿಗೆ ಇಳಿಸಿದ. ಐದು ನಿಮಿಷ ಹಿಡಿದರೆ ಸಾಕು. ಜೇಬಲ್ಲಿ ಇಟ್ಟುಕೊಂಡು ಓಡಾಡಬಹುದು. ವೈದ್ಯರ ಚೀಲದಿಂದ ಅದು ಮನೆಯ ಕಪಾಟಿಗೂ ಬಂತು. ಅದರ ಜೊತೆಗೆ 98.6 ಕೂಡ ಬಂತು.

ಮರುಪರೀಕ್ಷೆ ನಡೆಯಲು ತುಂಬಾ ಕಾಲ ಹಿಡಿಯಿತು. 1992ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಫಿಲಿಪ್ ಮ್ಯಾಕೋವಿಯಾಕ್ ಮತ್ತು ಜೊತೆಗಾರರು 148 ಆರೋಗ್ಯವಂತರ ನಾಲಿಗೆಯ ಕೆಳಗೆ ಎಲೆಕ್ಟ್ರಾನಿಕ್ ಥರ್ಮಾಮೀಟರ್ ಇಟ್ಟು 700 ಸಲ ಅಳೆದರು. ಸರಾಸರಿ ಬಂದಿದ್ದು 36.8 ಸೆಲ್ಸಿಯಸ್, ಅಂದರೆ 98.2. ಒಟ್ಟು ಅಳತೆಗಳಲ್ಲಿ ಸರಿಯಾಗಿ 98.6 ಬಂದಿದ್ದು ನೂರಕ್ಕೆ ಎಂಟು ಮಾತ್ರ. ಯಾವ ಅಂಕಿಯನ್ನು ಎಲ್ಲರಿಗೂ ಸಹಜ ಅಂತ ಹೇಳಿಕೊಂಡು ಬಂದಿದ್ದೆವೋ ಅದು ಸಿಗುವುದೇ ಅಪರೂಪ.

ಇನ್ನೊಂದು ತಮಾಷೆಯೂ ಇದೆ. ವುಂಡರ್‌ಲಿಖ್‌ನ ಥರ್ಮಾಮೀಟರ್ ಒಂದು ಫಿಲಡೆಲ್ಫಿಯಾದ ಮ್ಯೂಟರ್ ಮ್ಯೂಸಿಯಂನಲ್ಲಿದೆ. ಮ್ಯಾಕೋವಿಯಾಕ್ ಅದನ್ನು ಪರೀಕ್ಷಿಸಿದಾಗ ಇಂದಿನವುಗಳಿಗಿಂತ ಒಂದು ಡಿಗ್ರಿ ಸೆಲ್ಸಿಯಸ್‌ಗೂ ಜಾಸ್ತಿ ತೋರಿಸಿತು. ಹಾಗಾದರೆ 37 ಬರೀ ಉಪಕರಣದ ತಪ್ಪೇ? ಹಾಗೆಂದು ಮುಗಿಸಿಬಿಡುವಂತಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಶುರುವಿನ ಪ್ರಶ್ನೆಗೆ ಉತ್ತರ ಇದೇ ಅಧ್ಯಯನದಲ್ಲಿ ಸಿಗುತ್ತದೆ. ಅವರು ಕಂಡಂತೆ ಆರೋಗ್ಯವಂತರ ಮೇಲ್ಮಿತಿ ಬೆಳಗಿನ ಹೊತ್ತು ಸುಮಾರು 98.9, ಸಂಜೆ ಸುಮಾರು 99.9. ಸಂಜೆ ಐದಕ್ಕೆ 99.1 ಇದ್ದರೆ ಸುಮ್ನೆ ಬಿಟ್ಟುಬಿಡಬಹುದು. ಬೆಳಗಿನ ಜಾವ ಅದೇ 99.1 ಇದ್ದರೆ ಸ್ವಲ್ಪ ಗಮನಿಸಬೇಕು. ಎಲ್ಲಿ ಅಳೆದಿರಿ ಅನ್ನುವುದೂ ಮುಖ್ಯ. ಬಾಯಿಗಿಂತ ಕಂಕುಳಲ್ಲಿ ಕಡಿಮೆ ಬರುತ್ತದೆ, ಗುದದಲ್ಲಿ ಜಾಸ್ತಿ. ಬಿಸಿ ಪಾನೀಯ ಕುಡಿದ ತಕ್ಷಣ ನಾಲಿಗೆ ಕೆಳಗೆ ಇಟ್ಟರೆ ಏನು ಬರುತ್ತದೆ ಎಂದು ಹೇಳಬೇಕಿಲ್ಲ ಅಲ್ವಾ? ಮೈಮುರಿದು ಕೆಲಸ ಮಾಡಿದ ಮೇಲೂ ಬಿಸಿ ಏರುತ್ತದೆ. ತಿಂಗಳ ಚಕ್ರದಲ್ಲಿ ಅಂಡ ಬಿಡುಗಡೆಯಾದ ಮೇಲೆ ಹೆಂಗಸರ ಮೈ ಬಿಸಿ ಸುಮಾರು ಅರ್ಧ ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಮೇಲೆ ಹೋಗುತ್ತದೆ.

ಈಗ ಹೆಚ್ಚಿನ ವೈದ್ಯರು ಜ್ವರ ಅನ್ನುವುದು 100.4 ಅಥವಾ ಅದಕ್ಕಿಂತ ಜಾಸ್ತಿ ಇದ್ದಾಗ. ಇದೇ 38 ಸೆಲ್ಸಿಯಸ್. ವುಂಡರ್‌ಲಿಖ್ ಹೇಳಿದ ಜಾಗಕ್ಕೇ ಬಂದು ನಿಂತಂತಾಯಿತು. ಮೂರು ತಿಂಗಳೊಳಗಿನ ಕೂಸಿಗೆ ಇಷ್ಟು ಬಂದರೆ ಕಾಯುವುದು ಬೇಡ, ತಕ್ಷಣ ವೈದ್ಯರಿಗೆ ತೋರಿಸಬೇಕು. ವಯಸ್ಸಾದವರ ವಿಷಯದಲ್ಲಿ ಎಚ್ಚರ ಬೇರೆ ರೀತಿಯದು. ಅವರ ಸಹಜ ಬಿಸಿಯೇ ಕಡಿಮೆ. ಒಳಗೆ ದೊಡ್ಡ ಸೋಂಕಿದ್ದರೂ ಥರ್ಮಾಮೀಟರ್ 99ರಲ್ಲೇ ನಿಂತಿರಬಹುದು. ಹಾಗಾಗಿ ಅವರಿಗೆ ಏಕಾಏಕಿ ಗೊಂದಲ, ವಿಪರೀತ ಸುಸ್ತು, ಉಸಿರಾಟದಲ್ಲಿ ಬದಲಾವಣೆ ಕಂಡರೆ ಅಂಕಿಗೆ ಕಾಯಬಾರದು.

ಜ್ವರ ಬರುವುದಾದರೂ ಹೇಗೆ? ಸೋಂಕು ತಗುಲಿದಾಗ ನಮ್ಮ ರಕ್ಷಣಾ ಕೋಶಗಳು ಕೆಲವು ರಾಸಾಯನಿಕಗಳನ್ನು ಬಿಡುತ್ತವೆ. ಅವುಗಳಿಂದ ಪ್ರೋಸ್ಟಗ್ಲಾಂಡಿನ್ ಎಂಬ ಇನ್ನೊಂದು ರಾಸಾಯನಿಕ ತಯಾರಾಗುತ್ತದೆ. ಮಿದುಳಿನ ತಳದಲ್ಲಿರುವ ಹೈಪೋಥಲಾಮಸ್ ಇದನ್ನು ಕಂಡು ದೇಹದ ಗುರಿಯನ್ನೇ ಮೇಲೇರಿಸುತ್ತದೆ. ಗುರಿ 102 ಆಗಿದೆ, ಮೈ ಇನ್ನೂ 99ರಲ್ಲಿದೆ ಅಂದುಕೊಳ್ಳಿ. ಆಗ ಚಳಿ ಆಗುತ್ತದೆ, ನಡುಕ ಬರುತ್ತದೆ, ಹೊದಿಕೆ ಬೇಕು ಅನಿಸುತ್ತದೆ. ಗುರಿ ಮತ್ತೆ ಇಳಿದಾಗ ಬೆವರುತ್ತೇವೆ. ಪ್ಯಾರಾಸಿಟಮಾಲ್ ಮಾಡುವುದು ಪ್ರೋಸ್ಟಗ್ಲಾಂಡಿನ್ ಕಡಿಮೆ ಮಾಡಿ ಗುರಿಯನ್ನು ಕೆಳಗಿಳಿಸುವುದನ್ನು. ಬಿಸಿಲಿನ ಹೊಡೆತ ಬೇರೆ. ಅಲ್ಲಿ ಗುರಿ ಬದಲಾಗಿರುವುದಿಲ್ಲ, ಬಿಸಿ ಹೊರಹಾಕುವ ಶಕ್ತಿ ಸೋತಿರುತ್ತದೆ. ಅದಕ್ಕೇ ಅಲ್ಲಿ ಈ ಮಾತ್ರೆ ಕೆಲಸ ಮಾಡುವುದಿಲ್ಲ. ಮೈಯನ್ನು ಹೊರಗಿನಿಂದ ತಣಿಸಬೇಕು, ಅದೂ ಬೇಗ.

ಹಾಗಾದರೆ ದೇಹ ತಾನಾಗಿ ಏರಿಸಿಕೊಂಡ ಜ್ವರ ಒಳ್ಳೆಯದೇ? 1975ರಲ್ಲಿ ಮ್ಯಾಥ್ಯೂ ಕ್ಲೂಗರ್ ತಂಡ ಮರುಭೂಮಿಯ ಇಗ್ವಾನಾಗಳ ಮೇಲೆ ಒಂದು ಪ್ರಯೋಗ ಪ್ರಕಟಿಸಿತು. ಈ ಹಲ್ಲಿ ಜಾತಿಯ ಪ್ರಾಣಿಗಳಿಗೆ ಮೈಯೊಳಗಿಂದ ಬಿಸಿ ಏರಿಸಿಕೊಳ್ಳಲು ಆಗುವುದಿಲ್ಲ, ಬಿಸಿ ಜಾಗ ಹುಡುಕಿ ಹೋಗಬೇಕು. ಬ್ಯಾಕ್ಟೀರಿಯಾ ಚುಚ್ಚಿ ಬೇರೆ ಬೇರೆ ಬಿಸಿಯಲ್ಲಿ ಇಟ್ಟು ನೋಡಿದರು. ಜ್ವರದಷ್ಟು ಬಿಸಿಯಲ್ಲಿ ಇದ್ದವುಗಳಲ್ಲಿ ಹೆಚ್ಚಿನವು ಬದುಕಿದವು, ತಂಪಿನಲ್ಲಿದ್ದವುಗಳಲ್ಲಿ ಹೆಚ್ಚಿನವು ಸತ್ತವು. ಅದಕ್ಕೂ ಎಷ್ಟೋ ಮೊದಲು ಆಸ್ಟ್ರಿಯಾದ ಯೂಲಿಯಸ್ ವಾಗ್ನರ್-ಯಾವ್‌ರೆಗ್ ಸಿಫಿಲಿಸ್ ಮಿದುಳಿಗೆ ಏರಿದ ರೋಗಿಗಳಿಗೆ ಬೇಕೆಂದೇ ಮಲೇರಿಯಾ ತಗುಲಿಸಿ ಜ್ವರ ಬರಿಸುತ್ತಿದ್ದ. ಅದಕ್ಕೆ 1927ರಲ್ಲಿ ನೊಬೆಲ್ ಕೂಡ ಸಿಕ್ಕಿತು! ಪೆನ್ಸಿಲಿನ್ ಬಂದ ಮೇಲೆ ಆ ಅಪಾಯದ ಆಟ ನಿಂತಿತು. ಇದನ್ನು ಓದಿ ಜ್ವರ ಬಂದಾಗ ಮಾತ್ರೆಯೇ ಬೇಡ ಎಂದು ಹಟ ಹಿಡಿಯಬೇಕಿಲ್ಲ. ಮೈಕೈ ನೋವಿದ್ದರೆ, ನಿದ್ದೆ ಬರದಿದ್ದರೆ ತೆಗೆದುಕೊಳ್ಳಬಹುದು. ಅಂಕಿಯನ್ನು 98.6ಕ್ಕೆ ತಂದೇ ತೀರಬೇಕು ಎಂಬ ಹಟವೂ ಬೇಡ.

ಇನ್ನು ಬಾಕಿ ಇಟ್ಟ ವಿಷಯ. 2020ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೂಲಿ ಪಾರ್ಸೊನೆಟ್ ತಂಡ ಅಮೆರಿಕದ 6,77,423 ಅಳತೆಗಳನ್ನು ಒಟ್ಟಿಗೆ ಇಟ್ಟು ನೋಡಿತು. ಒಂದು ಕಂತು ಅಲ್ಲಿನ ಅಂತರ್ಯುದ್ಧದಲ್ಲಿ ಹೋರಾಡಿದ ಸೈನಿಕರದು, ಇನ್ನೊಂದು 1970ರ ದಶಕದ್ದು, ಮತ್ತೊಂದು 2007ರಿಂದ 2017ರವರೆಗಿನದು. ಹುಟ್ಟಿದ ದಶಕ ಒಂದೊಂದು ಮುಂದೆ ಹೋದಂತೆ ಮೈ ಬಿಸಿ ಸರಾಸರಿ 0.03 ಸೆಲ್ಸಿಯಸ್‌ನಷ್ಟು ಇಳಿಯುತ್ತಾ ಬಂದಿತ್ತು. ಹಳೆಯ ಥರ್ಮಾಮೀಟರ್ ಸರಿಯಿರಲಿಲ್ಲ ಬಿಡಿ ಎಂದು ತಳ್ಳಿಹಾಕಬಹುದಿತ್ತು. ಆದರೆ ಆ ಸೈನಿಕರ ಒಳಗೇ, ಒಂದೇ ಕಾಲದ ಉಪಕರಣಗಳಲ್ಲಿ ಅಳೆದವರ ನಡುವೆಯೇ, ಮೊದಲು ಹುಟ್ಟಿದವರ ಮೈ ಹೆಚ್ಚು ಬಿಸಿ ಇತ್ತು. ಹಾಗಾಗಿ ವುಂಡರ್‌ಲಿಖ್‌ನ ಕಾಲದ ಜನರ ಮೈ ನಿಜವಾಗಿಯೂ ನಮ್ಮದಕ್ಕಿಂತ ಬಿಸಿ ಇದ್ದಿರಬಹುದು. ಆಗ ಕ್ಷಯ, ಸಿಫಿಲಿಸ್, ಹಲ್ಲಿನ ಸೋಂಕು ವರ್ಷಗಟ್ಟಲೆ ಮೈಯಲ್ಲಿ ಉಳಿಯುತ್ತಿದ್ದವು. ಒಳಗೆ ಸದಾ ಸಣ್ಣ ಉರಿಯೂತ ಇದ್ದರೆ ಮೈ ಬಿಸಿ ಜಾಸ್ತಿ ಇರುವುದು ಸಹಜ ಎಂಬುದು ಅವರ ವಾದ.

ವಾದ ಒಪ್ಪುವಂತಿದೆ. ಆದರೆ ಅದೇ ವರ್ಷ ಬೊಲಿವಿಯಾದ ಕಾಡಿನ ತ್ಸಿಮಾನೆ ಜನರ ಬಗ್ಗೆ ಬಂದ ಅಧ್ಯಯನ ಅದನ್ನು ಸ್ವಲ್ಪ ಅಲ್ಲಾಡಿಸಿತು. ಅವರು ಬೇಸಾಯ, ಬೇಟೆ, ಮೀನುಗಾರಿಕೆ ಮಾಡಿಕೊಂಡು ಬದುಕುವವರು. ಸೋಂಕುಗಳು ಅವರಲ್ಲಿ ಈಗಲೂ ಸಾಮಾನ್ಯ. ಆದರೂ ಎರಡು ದಶಕ ತುಂಬುವುದರೊಳಗೆ ಅವರ ಸರಾಸರಿ ಬಿಸಿ ಸುಮಾರು 97.7ಕ್ಕೆ ಇಳಿದಿತ್ತು. ಕಾಯಿಲೆ ಇಲ್ಲದವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೂ ಇಳಿಕೆ ಮಾಯವಾಗಲಿಲ್ಲ. ಅಲ್ಲಿಗೆ ಔಷಧಿ, ಚಿಕಿತ್ಸೆ ತಲುಪಿದ್ದು ಒಂದು ಕಾರಣ ಇರಬಹುದು, ಬಟ್ಟೆ ಹೊದಿಕೆಗಳು ಸುಲಭವಾಗಿ ಸಿಗುತ್ತಿರುವುದು ಇನ್ನೊಂದು ಎನ್ನುತ್ತಾರೆ ಸಂಶೋಧಕರು. ಒಂದೇ ಕಾರಣಕ್ಕೆ ಎಲ್ಲವನ್ನೂ ಕಟ್ಟಲು ಅವರೂ ಒಪ್ಪುತ್ತಿಲ್ಲ.