ಹೊಸ ಕೊಳಕ್ಕೆ ಕಡಿಮೆ ಖರ್ಚಿನಲ್ಲಿ ಗಿಡ ತುಂಬಿಸುವುದು ಹೇಗೆ?

ಪ್ರಶ್ನೆ: ಮನೆ ಹಿತ್ತಲಲ್ಲಿ ಆರಡಿ ಉದ್ದ, ನಾಲ್ಕಡಿ ಅಗಲ, ಎರಡಡಿ ಆಳದ ಸಿಮೆಂಟ್ ಕೊಳ ಕಟ್ಟಿಸಿದ್ದೇವೆ. ಗಿಡಕ್ಕೇ ಆರು ಸಾವಿರ ಆಗುತ್ತದೆ ಅಂತ ನರ್ಸರಿಯವರು ಹೇಳಿದರು. ಅಷ್ಟೆಲ್ಲ ಬೇಕಾ? ಕಡಿಮೆಯಲ್ಲಿ ಎಲ್ಲಿ ಸಿಗುತ್ತದೆ?

ಉತ್ತರ: ಅಷ್ಟು ಬೇಡವೇ ಬೇಡ. ಅದರ ಕಾಲು ಭಾಗ ಖರ್ಚು ಮಾಡಿದರೂ ಜಾಸ್ತಿಯೇ. ನೀರಿನ ಗಿಡಗಳ ಗುಣವೇ ಹಬ್ಬುವುದು. ಇವತ್ತು ತುಂಬಿ ಕಾಣಬೇಕು ಅಂತ ಹತ್ತು ಗಿಡ ತಂದು ಇಟ್ಟರೆ, ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಅದರಲ್ಲಿ ಅರ್ಧ ನೀವೇ ಕಿತ್ತು ಹಾಕಬೇಕಾಗುತ್ತದೆ. ನಿಮ್ಮ ಕೊಳದ ಅಳತೆಗೆ ದುಡ್ಡು ಕೊಟ್ಟು ತರಬೇಕಾದ್ದು ಒಂದೇ ಒಂದು, ಒಳ್ಳೆಯ ನೈದಿಲೆ. ಮಿಕ್ಕಿದ್ದು ಪುಕ್ಕಟೆ ಅಥವಾ ಪುಡಿಗಾಸಿನಲ್ಲಿ ಆಗುತ್ತದೆ.

ಆದರೆ ಗಿಡಕ್ಕೆ ಮೊದಲು ಸಿಮೆಂಟ್ ನೋಡಿಕೊಳ್ಳಿ. ಹೊಸ ಸಿಮೆಂಟ್ ಸುಣ್ಣ ಬಿಡುತ್ತದೆ, ಅದರಲ್ಲಿ ಗಿಡವೂ ಸುಡುತ್ತದೆ, ಮೀನೂ ಸಾಯುತ್ತದೆ. ನೀರು ತುಂಬಿಸಿ ನಾಲ್ಕೈದು ದಿನ ಬಿಟ್ಟು ಖಾಲಿ ಮಾಡಿ, ಮತ್ತೆ ತುಂಬಿಸಿ. ಹೀಗೆ ಮೂರ್ನಾಲ್ಕು ಸಲ ಆಗಲಿ. ಅವಸರ ಮಾಡಿದರೆ ಇಲ್ಲೇ ದುಡ್ಡು ಹೋಗುವುದು.

ಈಗ ನೈದಿಲೆ. ಬೆಂಗಳೂರಿನವರಾದರೆ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿ ಸಾಲಿನಲ್ಲಿ ಒಂದು ಸುತ್ತು ಹಾಕಿ. ಬೇರೆ ಊರಿನವರು ತೋಟಗಾರಿಕೆ ಇಲಾಖೆಯ ನರ್ಸರಿಯಲ್ಲಿ ಮೊದಲು ವಿಚಾರಿಸಿ. ಹೂ ಬಿಟ್ಟ, ದೊಡ್ಡ ಕುಂಡದಲ್ಲಿರುವ ಗಿಡಕ್ಕೆ ರೇಟು ಜಾಸ್ತಿ. ಹೂವಿಲ್ಲದ ಸಣ್ಣ ಗಿಡ ಕೇಳಿ, ಎರಡು ಮೂರು ತಿಂಗಳಲ್ಲಿ ಅದೂ ಅಷ್ಟೇ ಆಗುತ್ತದೆ. ಡಾಬೆನ್ ಅನ್ನುವ ತಳಿ ಸಿಕ್ಕರೆ ಬೇರೆ ಯೋಚನೆ ಮಾಡಬೇಡಿ. ತಿಳಿನೀಲಿ ಹೂ, ಒಳ್ಳೆಯ ಪರಿಮಳ, ಸಣ್ಣ ಜಾಗಕ್ಕೂ ಹೊಂದಿಕೊಳ್ಳುತ್ತದೆ, ಬಿಸಿಲು ಸ್ವಲ್ಪ ಕಮ್ಮಿ ಬಿದ್ದರೂ ಮುನಿಸಿಕೊಳ್ಳುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಇದರ ಎಲೆಯೇ ಮರಿ ಹಾಕುತ್ತದೆ. ಎಲೆ ತೊಟ್ಟಿಗೆ ಸೇರುವ ಜಾಗದಲ್ಲಿ, ಮೇಲ್ಗಡೆ, ಒಂದು ಸಣ್ಣ ಗಂಟು ಕಾಣುತ್ತದೆ. ಆಮೇಲೆ ಅಲ್ಲಿಂದಲೇ ಉಗುರಿನಷ್ಟು ಎಲೆಗಳು ಏಳುತ್ತವೆ, ಕೆಳಗೆ ಬಿಳಿ ಬೇರು ಇಳಿಯುತ್ತದೆ, ತಾಯಿ ಎಲೆ ಹಳದಿಯಾಗಿ ಕೊಳೆಯುವ ಹೊತ್ತಿಗೆ ಮರಿ ತಾನಾಗಿ ಬಿಡಿಸಿಕೊಳ್ಳಲು ತಯಾರಾಗಿರುತ್ತದೆ. ಈ ಗಿಡ ಇಟ್ಟುಕೊಂಡಿರುವ ಪರಿಚಯದವರು ಯಾರಾದರೂ ಇದ್ದರೆ ಅಂಥ ಒಂದು ಎಲೆ ಕೇಳಿ ತನ್ನಿ, ನೈದಿಲೆಯ ಖರ್ಚೂ ಉಳಿಯಿತು.

ನೆಡುವುದಕ್ಕೆ ತೂತಿಲ್ಲದ, ಅಗಲ ಬಾಯಿಯ ಪ್ಲಾಸ್ಟಿಕ್ ಬೇಸಿನ್ ಸಾಕು. ತಳಕ್ಕೆ ಒಂದು ಹಿಡಿ ಚೆನ್ನಾಗಿ ಕಳಿತ ಸಗಣಿ ಗೊಬ್ಬರ, ಅದರ ಮೇಲೆ ಕೆರೆ ಗೋಡು ಅಥವಾ ಜಿಗುಟಾದ ಕೆಂಪು ಮಣ್ಣು, ಮೇಲೆ ಒಂದಿಂಚು ಮರಳು. ಕುಂಡದ ಗಿಡಕ್ಕೆ ಹಾಕುವ ಕೊಕೊಪೀಟ್ ಮಿಶ್ರಣ ಬೇಡ, ಎಲ್ಲ ತೇಲಿ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ಸಣ್ಣ ಗಿಡವನ್ನು ಒಮ್ಮೆಲೇ ಎರಡಡಿ ಕೆಳಗೆ ಇಳಿಸಬೇಡಿ. ಇಟ್ಟಿಗೆ ಜೋಡಿಸಿ ಅರ್ಧ ಅಡಿ ನೀರಿನಲ್ಲಿ ಇಡಿ, ಎಲೆ ಬೆಳೆದಂತೆ ಒಂದೊಂದೇ ಇಟ್ಟಿಗೆ ತೆಗೆಯಿರಿ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬಿದ್ದರೆ ಹೂವಿಗೆ ಬರ ಇಲ್ಲ.

ತಾವರೆ ಬೇಕೇ ಬೇಕು ಅನ್ನುವವರು ಇರುತ್ತಾರೆ. ಹೆಸರಿರುವ ಹೈಬ್ರಿಡ್ ಗೆಡ್ಡೆಗೆ ಸಾವಿರ ದಾಟುವುದೂ ಉಂಟು. ಅಗ್ಗದ ದಾರಿ ಬೀಜದ್ದು. ಕಪ್ಪಗೆ, ಕಲ್ಲಿನಂತೆ ಗಟ್ಟಿ ಇರುವ ತಾವರೆ ಬೀಜ ಗ್ರಂಥಿಗೆ ಅಂಗಡಿಗಳಲ್ಲಿ ಸಿಗುತ್ತದೆ, ಮಾಲೆಗೆ ಪೋಣಿಸಲು ತೂತು ಕೊರೆದ ಮಣಿ ಮಾತ್ರ ತರಬೇಡಿ. ಮಖಾನಾ ತಾವರೆ ಬೀಜವೇ ಅಲ್ಲ, ಅದು ಬೇರೆ ಗಿಡದ್ದು. ಬೀಜದ ಒಂದು ತುದಿಯನ್ನು ಒರಟು ಉಪ್ಪುಕಾಗದದಲ್ಲಿ, ಒಳಗಿನ ಬೆಳ್ಳನೆಯ ಭಾಗ ಇಣುಕುವವರೆಗೆ ಉಜ್ಜಿ, ಅಲ್ಲಿಗೆ ನಿಲ್ಲಿಸಿ. ಗಾಜಿನ ಲೋಟದ ನೀರಿನಲ್ಲಿ ಹಾಕಿ ದಿನಾ ನೀರು ಬದಲಿಸಿದರೆ ಒಂದು ವಾರದ ಆಸುಪಾಸಿನಲ್ಲಿ ಹಸಿರು ಕುಡಿ ಸುರುಳಿ ಬಿಚ್ಚುತ್ತದೆ. ಹೂವಿಗೆ ಒಂದು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ಕಾಯಬೇಕು, ತಾಯಿ ಗಿಡದ ಬಣ್ಣವೇ ಬರುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಇನ್ನೊಂದು ಮಾತು. ಆನ್‌ಲೈನಿನಲ್ಲಿ ನೀಲಿ ತಾವರೆ, ಕಾಮನಬಿಲ್ಲಿನ ತಾವರೆ ಅಂತ ಬೀಜ ಮಾರುತ್ತಾರೆ. ನಿಜವಾದ ತಾವರೆಯಲ್ಲಿ ನೀಲಿ ಬಣ್ಣವೇ ಇಲ್ಲ. ಬಿಳಿ, ಗುಲಾಬಿ, ಹಳದಿ ಮತ್ತು ಇವುಗಳ ಮಿಶ್ರಣ, ಅಷ್ಟೇ. ನೀಲಿ ಅಂದರೆ ಅದು ನೈದಿಲೆ. ಈ ಪ್ಯಾಕೆಟ್ಟುಗಳಿಗೆ ನೂರು ರೂಪಾಯಿ ಕೂಡ ಕೊಡಬೇಡಿ.

ಅಂಚಿನ ಗಿಡಗಳಿಗೆ ಅಂಗಡಿಗೇ ಹೋಗಬೇಕಾಗಿಲ್ಲ. ಬಜೆಯ ಹಸಿ ಗೆಡ್ಡೆ ಒಂದು ತುಂಡು, ಕೆಸುವಿನ ಒಂದು ಗೆಡ್ಡೆ, ಒಂದೆಲಗದ ಒಂದೆರಡು ಬಳ್ಳಿ, ಕಾಬಾಳೆ. ಇವೆಲ್ಲ ನಮ್ಮ ಹಿತ್ತಲುಗಳಲ್ಲಿ, ತೋಟದ ಕಾಲುವೆ ಬದಿಯಲ್ಲಿ ಇರುವಂಥವೇ ಅಲ್ವಾ? ಅಂಬ್ರೆಲ್ಲಾ ಪಾಮ್ ಅಂತ ಕರೆಯುವ, ಛತ್ರಿಯ ಹಾಗೆ ಎಲೆ ಬಿಡಿಸುವ ಜೊಂಡು ಪಾರ್ಕುಗಳಲ್ಲಿ, ಅಪಾರ್ಟ್‌ಮೆಂಟ್ ಗೇಟಿನ ಬಳಿ ಎಷ್ಟೊಂದಿರುತ್ತದೆ. ಮಾಲಿಯನ್ನು ಕೇಳಿದರೆ ಸವರುವಾಗ ಎರಡು ಕಡ್ಡಿ ಕೊಡುತ್ತಾರೆ. ತಲೆಯನ್ನು ಎರಡಿಂಚು ಕಡ್ಡಿ ಸಮೇತ ಕತ್ತರಿಸಿ, ಎಲೆಗಳನ್ನು ಅರ್ಧಕ್ಕೆ ಮೊಟಕು ಮಾಡಿ, ತಲೆಕೆಳಗಾಗಿ ಬಕೆಟ್ ನೀರಿನಲ್ಲಿ ತೇಲಿಬಿಡಿ. ಕೆಲವೇ ವಾರಗಳಲ್ಲಿ ಎಲೆಗಳ ಬುಡದಿಂದ ಬೇರು, ಹೊಸ ಚಿಗುರು ಎರಡೂ ಬರುತ್ತವೆ. ಈ ಅಂಚಿನ ಗಿಡಗಳೆಲ್ಲ ಬುಡ ಮುಳುಗುವಷ್ಟು, ಎರಡು ಮೂರು ಇಂಚು ನೀರಿನಲ್ಲಿದ್ದರೆ ಸಾಕು. ಗ್ರಂಥಿಗೆ ಅಂಗಡಿಯ ಒಣ ಬಜೆ ಮಾತ್ರ ಚಿಗುರುವುದಿಲ್ಲ.

ನೀರೊಳಗೆ ಬೆಳೆಯಲು ಅಕ್ವೇರಿಯಂ ಅಂಗಡಿಯ ಹೈಡ್ರಿಲ್ಲಾ ಎರಡು ಕಟ್ಟು ಸಾಕು. ಅಲ್ಲಿ ಸಿಗುವುದರಲ್ಲಿ ಅಗ್ಗದ ಗಿಡ ಬಹುಶಃ ಅದೇ.

ಪುಕ್ಕಟೆ ಸಿಕ್ಕಿದರೂ ಬೇಡ ಅಂತ ನಾನು ಕೈಮುಗಿದು ಹೇಳುವುದು ಎರಡಕ್ಕೆ. ನೀಲಿ ಹೂವಿನ ವಾಟರ್ ಹಯಸಿಂತ್ ಮತ್ತು ನೀರಿನ ಮೇಲೆ ತೇಲುವ ಜರಿಗಿಡ ಸಾಲ್ವೀನಿಯಾ. ಎರಡೂ ದಕ್ಷಿಣ ಅಮೆರಿಕದಿಂದ ಬಂದವು. ಬೆಳ್ಳಂದೂರು, ವರ್ತೂರು ಕೆರೆಗಳು ಹಯಸಿಂತ್ ಅಡಿಯಲ್ಲಿ ಮುಚ್ಚಿಹೋಗಿದ್ದನ್ನು ನೋಡಿದವರಿಗೆ ಜಾಸ್ತಿ ಹೇಳಬೇಕಾಗಿಲ್ಲ. ಸಾಲ್ವೀನಿಯಾ ಕಥೆ ನಿಮ್ಮ ಕೊಳಕ್ಕೆ ಇನ್ನೂ ಹತ್ತಿರದ್ದು. ಬೆಂಗಳೂರಿನ ಒಂದು ನೈದಿಲೆ ಕೊಳವನ್ನೇ ಅದು ಆವರಿಸಿಕೊಂಡು ನೈದಿಲೆ ಬೆಳೆಯದಂತೆ ಮಾಡಿತ್ತು. 1983-84ರಲ್ಲಿ ವಿಜ್ಞಾನಿಗಳು ಆಸ್ಟ್ರೇಲಿಯಾದಿಂದ ತರಿಸಿದ್ದ, ಈ ಕಳೆಯನ್ನಷ್ಟೇ ತಿನ್ನುವ ಒಂದು ಪುಟ್ಟ ಮೂತಿಹುಳುವನ್ನು ಅಲ್ಲಿ ಬಿಟ್ಟರು. ವರ್ಷದೊಳಗೆ ಕಳೆ ಹೋಗಿ ನೈದಿಲೆ ಮತ್ತೆ ಚಿಗುರಿತು. ಒಂದು ಕೊಳ ಉಳಿಸಲು ಅಷ್ಟು ದೂರದಿಂದ ಹುಳ ತರಿಸಬೇಕಾಯಿತು ನೋಡಿ! ಹಾಗಾಗಿ ಯಾವ ಗಿಡ ತಂದರೂ ಒಂದು ವಾರ ಬೇರೆ ಬಕೆಟ್ಟಿನಲ್ಲಿ ಇಡಿ, ಬಸವನಹುಳುವಿನ ಅಂಟಂಟು ಮೊಟ್ಟೆ ಇದ್ದರೆ ಒರೆಸಿ, ಎಲೆಯಡಿ ಅಂಟಿಕೊಂಡು ಬಂದ ಸಣ್ಣ ತೇಲುಗಿಡಗಳನ್ನು ಆರಿಸಿ ತೆಗೆಯಿರಿ. ನಿಮ್ಮಲ್ಲಿ ಹೆಚ್ಚಾದದ್ದನ್ನು ಕೆರೆಗೋ ರಾಜಕಾಲುವೆಗೋ ಎಸೆಯಬೇಡಿ, ಬಿಸಿಲಲ್ಲಿ ಪೂರ್ತಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ.

ಕೊರಿಯರ್‌ನಲ್ಲಿ ನೈದಿಲೆ ತರಿಸಿದರೆ ಎಲೆ ಬಾಡಿ ಬಂದದ್ದಕ್ಕೆ ಗಾಬರಿ ಬೇಡ. ಗೆಡ್ಡೆ ಒತ್ತಿ ನೋಡಿ. ಗಟ್ಟಿಯಿದ್ದರೆ ಬದುಕುತ್ತದೆ. ಮೆತ್ತಗಾಗಿ ಕೊಳೆತ ವಾಸನೆ ಬಂದರೆ ಅವತ್ತೇ ಫೋಟೋ ಕಳಿಸಿ ದುಡ್ಡು ವಾಪಸ್ ಕೇಳಿ.

ಮೊದಲ ಕೆಲವು ವಾರ ನೀರು ಹಸಿರಾಗುತ್ತದೆ. ಎಲ್ಲರೂ ಆಗ ನೀರು ಖಾಲಿ ಮಾಡಿ ಹೊಸದು ತುಂಬಿಸುತ್ತಾರೆ, ಪಾಚಿ ಮತ್ತೆ ಮೊದಲಿಂದ ಶುರುವಾಗುತ್ತದೆ. ಹಾಗೇ ಬಿಡಿ. ನೈದಿಲೆ ಎಲೆ ಅರ್ಧ ಕೊಳ ಮುಚ್ಚಿ, ಹೈಡ್ರಿಲ್ಲಾ ಹಬ್ಬಿದ ಮೇಲೆ ಪಾಚಿಗೆ ಬಿಸಿಲೂ ಸಿಗುವುದಿಲ್ಲ, ಊಟವೂ ಸಿಗುವುದಿಲ್ಲ, ನೀರು ತಾನಾಗಿ ತಿಳಿಯಾಗುತ್ತದೆ. ಸೊಳ್ಳೆ ಮರಿಗಳ ವಿಷಯದಲ್ಲಿ ಮಾತ್ರ ಕಾಯಬೇಡಿ, ಸಿಮೆಂಟಿನ ಸುಣ್ಣ ಹೋದ ಕೂಡಲೇ ನಾಲ್ಕೈದು ಗಪ್ಪಿ ಮೀನು ಬಿಡಿ.