ಹತ್ತು ಕಿಲೋಮೀಟರ್ ಉದ್ದದ ಜೋಡಿ ಏರಿ

ದಕ್ಷಿಣ ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಕ್ರ್ಯಾನ್‌ಬೋರ್ನ್ ಚೇಸ್ ಎಂಬ ಗುಡ್ಡಸೀಮೆಯಿದೆ. ಮೇಲೆ ತೆಳುವಾದ ಮಣ್ಣು, ಕೆಳಗೆ ಬಿಳಿ ಸುಣ್ಣಕಲ್ಲು. ಕ್ರಿ.ಪೂ. 3300ರ ಸುಮಾರಿಗೆ ಇಲ್ಲಿನ ಜನ ನೂರು ಮೀಟರಿನಷ್ಟು ಅಂತರ ಬಿಟ್ಟು ಎರಡು ಏರಿಗಳನ್ನು ಜೊತೆಜೊತೆಯಾಗಿ ಕಟ್ಟಿದರು. ಹೊರಬದಿಯ ಕಂದಕ ತೋಡಿದ ಸುಣ್ಣಕಲ್ಲೇ ಏರಿಗೆ ಸಾಮಗ್ರಿ. ಕಬ್ಬಿಣವಿರಲಿ, ಕಂಚೂ ಆಗ ಅಲ್ಲಿಗೆ ಬಂದಿರಲಿಲ್ಲ. ಕೆಂಪು ಜಿಂಕೆಯ ಕೊಂಬೇ ಪಿಕಾಸಿ. ಅಷ್ಟರಲ್ಲೇ ಏರಿಗಳು ಕಣಿವೆ ಇಳಿದು, ಹೊಳೆ ದಾಟಿ, ಸುಮಾರು 10 ಕಿಲೋಮೀಟರ್ ಸಾಗಿದವು.

ಇಂಥ ರಚನೆಗೆ ‘ಕರ್ಸಸ್’ ಎನ್ನುತ್ತಾರೆ. 1723ರಲ್ಲಿ ಸ್ಟೋನ್‌ಹೆಂಜ್ ಎಂಬ ಪ್ರಾಚೀನ ಕಲ್ಲುವೃತ್ತದ ಪಕ್ಕದ ಇಂಥದ್ದೊಂದನ್ನು ಗುರುತಿಸಿದ ಪುರಾತನ ಅವಶೇಷಗಳ ಅಧ್ಯಯನಕಾರ ವಿಲಿಯಂ ಸ್ಟುಕ್ಲಿ, ಅದನ್ನು ರಥಗಳ ಓಟದ ಅಂಕಣವೆಂದು ಭಾವಿಸಿದ. ಆದರೆ ಅದರ ಕಂದಕದಲ್ಲಿ 2007ರಲ್ಲಿ ಸಿಕ್ಕ ಕೊಂಬಿನ ಪಿಕಾಸಿಯ ಕಾಲ ಕ್ರಿ.ಪೂ. 3630–3375. ಸ್ಟೋನ್‌ಹೆಂಜಿನ ಕಲ್ಲುಗಳಿಗಿಂತಲೂ ಅದು ಎಷ್ಟೋ ಹಳೆಯದು.

ಹಾಗಾದರೆ ಇಷ್ಟೊಂದು ಶ್ರಮ ಯಾತಕ್ಕೆ? ಹತ್ತು ಕಿಲೋಮೀಟರ್ ಗೆರೆಯನ್ನು ಯಾವ ಸೈನ್ಯವೂ ಕಾಯಲಾರದು, ಆದ್ದರಿಂದ ರಕ್ಷಣೆಯ ಮಾತು ಒಪ್ಪುವಂಥದ್ದಲ್ಲ. ನನ್ನ ಮಟ್ಟಿಗೆ ಉತ್ತರದ ಸುಳಿವು ಗೆರೆ ಸಾಗಿದ ದಾರಿಯಲ್ಲೇ ಇದೆ. ಗಸೇಜ್ ಡೌನ್ ಎಂಬ ದಿಣ್ಣೆಯ ಮೇಲೆ ಅದಾಗಲೇ ಒಂದು ಉದ್ದನೆಯ ಸಮಾಧಿ ದಿಬ್ಬವಿತ್ತು. ಅದನ್ನು ಬಳಸಿ ಹೋಗದೆ, ಎರಡು ಏರಿಗಳ ನಡುವೆಯೇ ಸೇರಿಸಿಕೊಂಡರು. ಏರಿ ಸಾಗುವ ಇನ್ನೊಂದು ದಿಣ್ಣೆಯಾದ ಬಾಟಲ್‌ಬುಷ್ ಡೌನ್ ಕಡೆಯಿಂದ ನೋಡಿದರೆ, ಚಳಿಗಾಲದ ಅತಿ ಚಿಕ್ಕ ಹಗಲಿನಂದು ಸೂರ್ಯ ಮುಳುಗುವುದು ಆ ದಿಬ್ಬದ ಹಿಂದೆಯೇ. ಸತ್ತವರನ್ನೂ ಸೂರ್ಯನನ್ನೂ ಒಂದೇ ಸಾಲಿಗೆ ತಂದವರು ಹೊಲದ ಬದುವನ್ನಷ್ಟೇ ಹಾಕುತ್ತಿದ್ದರೆಂದು ನಾನು ನಂಬಲಾರೆ. ಬದುವಿನಂಥ ಉದ್ದ ಕಂದಕಗಳೂ ಬಂದವು, ಆದರೆ ಬಹಳ ತಡವಾಗಿ: ಕಂಚಿನ ಯುಗದ ಕೊನೆಯಲ್ಲಿ, ಸಾಲ್ಸ್‌ಬರಿ ಬಯಲಿನ ನೆಲವನ್ನು ಹಂಚಿಕೊಳ್ಳುವಾಗ.

ಇಂದು ಡಾರ್ಸೆಟ್ ಏರಿಯ ಬಹುಭಾಗ ಉಳುಮೆಗೆ ಸವೆದುಹೋಗಿದೆ. ಕಂದಕಗಳು ಹೇಗೆ ತುಂಬಿಕೊಳ್ಳುತ್ತವೆಂದು ತಿಳಿಯಲು 1960ರಲ್ಲಿ ವಿಲ್ಟ್‌ಷೈರಿನ ಓವರ್‌ಟನ್ ಡೌನ್‌ನಲ್ಲಿ ಹೊಸ ಏರಿ, ಕಂದಕಗಳನ್ನೇ ಮಾಡಿ, 2, 4, 8, 16, 32 ವರ್ಷಗಳಾದಂತೆ ಸೀಳಿ ನೋಡಿದರು. ಹಿಮಕ್ಕೆ ಬಿರಿದ ಸುಣ್ಣಕಲ್ಲು ಮೊದಲ ವರ್ಷಗಳಲ್ಲೇ ಭರದಿಂದ ಉದುರಿ ತಳ ತುಂಬಿತು. ಹುಲ್ಲು ಬೇರು ಬಿಟ್ಟ ಮೇಲೆ ಕುಸಿತ ನಿಧಾನವಾಯಿತು.

ಹೀಗೆ ತುಂಬಿದ ಮಣ್ಣು ತೇವ ಹಿಡಿದಿಟ್ಟುಕೊಳ್ಳುತ್ತದೆ. ಒಣ ಬೇಸಿಗೆಯಲ್ಲಿ ಸುತ್ತಲ ಪೈರು ಬಾಡಿದರೂ ಕಂದಕದ ಮೇಲಿನದು ಹಸಿರಾಗಿ, ಎತ್ತರವಾಗಿ ನಿಲ್ಲುತ್ತದೆ. ಬ್ರಿಟನ್ನಿನಲ್ಲಿ ಈಗ ಗೊತ್ತಿರುವ ನೂರಕ್ಕೂ ಹೆಚ್ಚು ಕರ್ಸಸ್‌ಗಳಲ್ಲಿ ಬಹುಪಾಲು ಪತ್ತೆಯಾದದ್ದು ಈ ಹಸಿರು ಗೆರೆಗಳನ್ನು ವಿಮಾನದಿಂದ ಚಿತ್ರ ತೆಗೆದಾಗಲೇ.