ಲೆಗೋ ಅಡ್ಡಬಿಲ್ಲು: ರಬ್ಬರ್ ಬ್ಯಾಂಡ್ ಹೆಚ್ಚಿಸಿದರೂ ಬಾಣ ಯಾಕೆ ದೂರ ಹೋಗುವುದಿಲ್ಲ?

ಪ್ರಶ್ನೆ: ಮಗಳ ಜೊತೆ ಕೂತು ಲೆಗೋ ಇಟ್ಟಿಗೆಗಳಲ್ಲಿ ಅಡ್ಡಬಿಲ್ಲು ಮಾಡಿದೆ. ಒಂದು ರಬ್ಬರ್ ಬ್ಯಾಂಡ್ ಹಾಕಿದರೆ ಹೊಡೆದದ್ದು ಎರಡು ಅಡಿ ಹೋಗಿ ಬೀಳುತ್ತೆ. ಮೂರು ಹಾಕಿದರೆ ಟ್ರಿಗರ್ ಎಳೆಯೋಕೇ ಆಗಲ್ಲ, ಬಲವಂತ ಮಾಡಿದರೆ ಬಿಲ್ಲೇ ಕಿತ್ತು ಬರುತ್ತೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ಮೊದಲು ಎರಡು ರಬ್ಬರ್ ಬಿಚ್ಚಿ, ಒಂದಕ್ಕೇ ವಾಪಸ್ ಬನ್ನಿ. ನಿಮ್ಮ ಬಿಲ್ಲಿಗೆ ಶಕ್ತಿಯ ಕೊರತೆಯಿಲ್ಲ, ಇರುವ ಶಕ್ತಿ ಬಾಣದವರೆಗೆ ತಲುಪುತ್ತಿಲ್ಲ, ಅಷ್ಟೇ.

ಒಂದು ಸಣ್ಣ ಲೆಕ್ಕ ನೋಡಿ. ಹೆದೆಯನ್ನು 8 ಸೆಂಟಿಮೀಟರ್ ಹಿಂದಕ್ಕೆಳೆದಾಗ ಕೊನೆಯಲ್ಲಿ ಅದು ಅರ್ಧ ಕಿಲೋ ತೂಕದಷ್ಟು, ಅಂದರೆ ಸುಮಾರು 5 ನ್ಯೂಟನ್ ಜಗ್ಗುತ್ತದೆ ಎಂದುಕೊಳ್ಳಿ. ರಬ್ಬರಿನಲ್ಲಿ ಸೇರಿದ ಶಕ್ತಿ ಹೆಚ್ಚುಕಡಿಮೆ 0.2 ಜೂಲ್. ಎರಡೂವರೆ ಗ್ರಾಂ ತೂಗುವ ಮಾಮೂಲಿ 2×4 ಇಟ್ಟಿಗೆಗೆ ಅದಷ್ಟೂ ಸಿಕ್ಕರೆ ಸೆಕೆಂಡಿಗೆ 12 ಮೀಟರ್ ದಾಟಿದ ವೇಗ. ಪೂರ್ತಿ ಎಂದೂ ಸಿಗುವುದಿಲ್ಲ, ರಬ್ಬರಿಗೂ ದಾರಕ್ಕೂ ತಮ್ಮದೇ ತೂಕವಿದೆ. ಆದರೂ ಎರಡು ಅಡಿಗೇ ಸುಸ್ತಾಗಬೇಕಿಲ್ಲ.

ಬಹಳ ಜನ ಮೊದಲು ಎಡವುವುದು ಬಿಲ್ಲಿನ ತೋಳಿನಲ್ಲಿ. ನಿಜವಾದ ಬಿಲ್ಲು ಬಾಗುತ್ತದೆ, ಹಾಗಾಗಿ ಇದೂ ಬಾಗಲಿ ಎಂದು ಪ್ಲೇಟ್ ಎನ್ನುವ ಉದ್ದನೆಯ ತೆಳು ತುಂಡುಗಳನ್ನು ಒಂದಕ್ಕೊಂದು ಒತ್ತಿ ತೋಳು ಮಾಡುತ್ತಾರೆ. ಬಾಗುವ ದಿಕ್ಕಿನಲ್ಲಿ ದಪ್ಪ ಎರಡರಷ್ಟಾದರೆ ಬಿಗಿತ ಎಂಟು ಪಟ್ಟಿನ ಹತ್ತಿರ ಹೋಗುತ್ತದೆ. ಅದಕ್ಕೂ ಮೀರಿ ಎಳೆದರೆ ಪ್ಲೇಟ್‌ಗಳು ಒಂದರ ಮೇಲೊಂದು ಜಾರಲು ನೋಡುತ್ತವೆ, ಮೇಲಿನ ಗುಂಡನೆಯ ಉಬ್ಬುಗಳು, ಅಂದರೆ ಗುಬ್ಬಿಗಳು, ಬಿಡಲೊಲ್ಲವು, ಕೊನೆಗೆ ಟಪ್ಪನೆ ಬಿಚ್ಚಿಕೊಳ್ಳುತ್ತವೆ. ಲೆಗೋ 1963ರಲ್ಲಿ ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ ಬಿಟ್ಟು ಎಬಿಎಸ್ ಪ್ಲಾಸ್ಟಿಕ್ಕಿಗೆ ಬಂದದ್ದಕ್ಕೆ ಒಂದು ಕಾರಣ, ಹಳೆಯ ಇಟ್ಟಿಗೆ ಕಾಲ ಕಳೆದಂತೆ ಸೊಟ್ಟಗಾಗುತ್ತಿತ್ತು ಎಂಬುದು. ಆಕಾರ ಬದಲಿಸಬಾರದು ಎಂದೇ ಆರಿಸಿದ ವಸ್ತುವಿನಿಂದ ಸ್ಪ್ರಿಂಗ್ ಕೆಲಸ ಬೇಡಬೇಡಿ. ತೋಳು ಅಲ್ಲಾಡದಂತೆ ಗಟ್ಟಿಯಾಗಿರಲಿ, ಹಿಗ್ಗುವ ಕೆಲಸ ರಬ್ಬರಿಗೆ ಬಿಡಿ, ಎರಡು ರಬ್ಬರಿನ ನಡುವೆ ಹಿಗ್ಗದ ನೈಲಾನ್ ದಾರ ಹೆದೆಯಾಗಲಿ. ಹೀಗೆ ಮಾಡಿದ್ದು ಶುದ್ಧ ಅಡ್ಡಬಿಲ್ಲಲ್ಲ, ಕವಣೆಯ ಜಾತಿ ಎಂದು ಯಾರಾದರೂ ತಗಾದೆ ತೆಗೆದರೆ ತೆಗೆಯಲಿ. ಚೆನ್ನಾಗಿ ಹೊಡೆಯುತ್ತದಲ್ಲ!

ಇನ್ನು ಟ್ರಿಗರ್. ನನ್ನ ಲೆಕ್ಕದಲ್ಲಿ ಅಡ್ಡಬಿಲ್ಲೆಂದರೆ ಮುಕ್ಕಾಲು ಪಾಲು ಇದೇ. ನಿಮ್ಮದು ಹೆದೆಯನ್ನು ಕೆಳಗಿನಿಂದ ಎತ್ತಿ ಗೂಟದಿಂದ ತಪ್ಪಿಸುವ ಬಗೆ ಇರಬೇಕು. ಅಲ್ಲಿ ಹೆದೆ ಎಷ್ಟು ಜೋರಾಗಿ ಜಗ್ಗುತ್ತದೋ ಗೂಟಕ್ಕೆ ಅಷ್ಟೇ ಉಜ್ಜುತ್ತದೆ. ರಬ್ಬರ್ ಮೂರಾದರೆ ಘರ್ಷಣೆಯೂ ಮೂರು ಪಟ್ಟು. ಮಧ್ಯಯುಗದ ಯುರೋಪಿನ ಕಸುಬುದಾರರು ಇದನ್ನು ಉರುಳುವ ಬಿಲ್ಲೆಯಿಂದ ಬಗೆಹರಿಸಿದ್ದರು: ಜಿಂಕೆಕೊಂಬಿನಲ್ಲಿ ಕಡೆದ ಬಿಲ್ಲೆಯ ಮೇಲಿನ ಕಚ್ಚಿನಲ್ಲಿ ಹೆದೆ, ಕೆಳಗಿನ ಕಚ್ಚಿನಲ್ಲಿ ಟ್ರಿಗರಿನ ಮೂತಿ. ಮೂತಿ ಸರಿದರೆ ಹೆದೆಯೇ ಬಿಲ್ಲೆಯನ್ನು ಉರುಳಿಸಿಕೊಂಡು ಹೊರಟುಹೋಗುತ್ತದೆ. ಅದಕ್ಕೂ ಎಷ್ಟೋ ಶತಮಾನ ಮೊದಲೇ ಚೀನಾದಲ್ಲಿ ಕಂಚಿನ ಟ್ರಿಗರ್‌ಗಳಿದ್ದವು. ಶಿಆನ್ ಬಳಿಯ ಮಣ್ಣಿನ ಸೈನಿಕರ ಜೊತೆಯಲ್ಲೇ ಅವು ಸಿಕ್ಕಿವೆ.

ಲೆಗೋದಲ್ಲಿ ಇದಕ್ಕೆ ಟೆಕ್ನಿಕ್ ಎಂಬ, ತೂತಿಗೆ ಪಿನ್ ಹಾಕಿ ಜೋಡಿಸುವ ಸರಣಿಯ ಎಲ್ ಆಕಾರದ ತುಂಡು ಸಾಕು. ಮೂಲೆಯ ತೂತಿಗೆ ಪಿನ್ ಹಾಕಿ. ಗಿಡ್ಡ ತೋಳು ಬಾಣ ಜಾರುವ ಹಳಿಯ ಸೀಳಿನಿಂದ ಮೇಲೆದ್ದು ಹೆದೆ ಹಿಡಿಯಲಿ, ಉದ್ದ ತೋಳು ಹಳಿಯ ಕೆಳಗೆ ಮುಂದಕ್ಕೆ ಚಾಚಿರಲಿ, ಅದರ ತುದಿಗೆ ಟ್ರಿಗರ್ ಕೆಳಗಿನಿಂದ ಆಸರೆ ಕೊಡಲಿ. ಗಿಡ್ಡದ್ದು 8 ಮಿಲಿಮೀಟರ್, ಉದ್ದದ್ದು 24 ಆದರೆ ಟ್ರಿಗರಿನ ಮೇಲೆ ಬೀಳುವ ಭಾರ ಹೆದೆಯ ಎಳೆತದ ಮೂರನೇ ಒಂದು ಪಾಲು. ಪಿನ್ ಮಾತ್ರ ತಿಳಿಬೂದು ಬಣ್ಣದ್ದೇ ಇರಲಿ. ಕಪ್ಪು ಪಿನ್ನಿಗೆ ಬಿಗಿ ಹಿಡಿಯಲೆಂದೇ ಗೆರೆ ಎಬ್ಬಿಸಿರುತ್ತಾರೆ. ತಿರುಗುವ ಜಾಗದಲ್ಲಿ ಅದನ್ನು ಹಾಕಿದರೆ ಹೆದೆಯ ಮೊದಲ ಜಿಗಿತವನ್ನೇ ಅದು ನುಂಗಿಬಿಡುತ್ತದೆ.

ಬಿಲ್ಲು ಕಿತ್ತು ಬರುವುದು ಜೋಡಣೆಯ ದಿಕ್ಕಿನಿಂದ. ಗುಬ್ಬಿಗಳು ಪಕ್ಕದ ಒತ್ತಡ ತಡೆಯುತ್ತವೆ, ಎತ್ತಿ ಕೀಳುವ ಬಲಕ್ಕೆ ಸೋಲುತ್ತವೆ. ತೋಳನ್ನು ಹಳಿಯ ಮೂತಿಗೇ ಒರಗಿಸಿ ಕೂರಿಸಿ, ಆಗ ಎಳೆದಷ್ಟೂ ಅದು ಹಳಿಗೇ ಒತ್ತಿಕೊಳ್ಳುತ್ತದೆ. ಪದರಗಳನ್ನು ನೆಟ್ಟಗೆ ನಿಲ್ಲಿಸಿದ ತೂತಿನ ಪಟ್ಟಿಯಿಂದ ಬಿಗಿಯುವುದಾದರೆ ಎರಡು ತೂತಿನ ಇಟ್ಟಿಗೆಗಳ ನಡುವೆ ಎರಡು ಪ್ಲೇಟ್ ಇಡಿ: ಇಟ್ಟಿಗೆಯ ಎತ್ತರ 9.6 ಮಿಲಿಮೀಟರಿಗೆ 3.2ರ ಎರಡು ಪ್ಲೇಟ್ ಸೇರಿ ಸರಿಯಾಗಿ 16, ಎರಡು ಗುಬ್ಬಿಯ ಅಂತರ. ಪಿನ್ ನೇರ ಕೂರುತ್ತದೆ.

ಹಳಿಯ ಮೇಲೆ ಗುಬ್ಬಿಯಿಲ್ಲದ ನುಣುಪು ಟೈಲ್ ಹಾಸಿ. ಹೆದೆ ಅದಕ್ಕೆ ತಾಗಿಯೂ ತಾಗದಂತೆ ಹರಿಯಬೇಕು. ಮೇಲಿದ್ದರೆ ಹೆದೆ ಬಾಣವನ್ನು ತಳ್ಳದೆ ಅದರ ಮೇಲಿಂದ ಹಾರಿಹೋಗುತ್ತದೆ.

ಮೇಲಿನ ವೇಗದ ಲೆಕ್ಕ ಕಣ್ಣಿಗೆ ಬಡಿದರೂ ಅದೇ ಲೆಕ್ಕ. ಬಾಣಕ್ಕೆ ಆಕ್ಸಲ್ ಎನ್ನುವ ಚೂಪು ಲೆಗೋ ಕಡ್ಡಿ ಬೇಡ, ಬಾಣದ ಮುಂದೆ ಸ್ಪಂಜಿನ ತುಂಡು ಅಂಟಿಸಿ, ಗುರಿ ಗೋಡೆಗೆ ಮಾತ್ರ, ಮಗಳಿಗೂ ನಿಮಗೂ ಕನ್ನಡಕ. ಆಟ ಮುಗಿದ ಮೇಲೆ ರಬ್ಬರ್ ಬಿಚ್ಚಿಡಿ. ವಾರಗಟ್ಟಲೆ ಎಳೆದಂತೆಯೇ ಬಿಟ್ಟರೆ ರಬ್ಬರ್ ಸಡಿಲಾಗುತ್ತದೆ, ಎಬಿಎಸ್ ಕೂಡ ಮೆಲ್ಲಗೆ ಬಾಗಿಕೊಂಡು ಹಾಗೇ ನಿಂತುಬಿಡುತ್ತದೆ.